ಸ್ಕೀ ಕೊಂಡಿಯೂ ಇನ್ನೊಂದು ಕಾಲೂ

ನಾನು ಹಿಮ ನೋಡಿದವನಲ್ಲ. ಫ್ರೀಜರಿನ ಗೋಡೆಗೆ ಕಟ್ಟಿಕೊಳ್ಳುವ ಬಿಳಿಯದನ್ನೂ ಹಿಮವೆಂದು ಲೆಕ್ಕಕ್ಕೆ ಹಿಡಿಯುವುದಾದರೆ ನೋಡಿದ್ದೇನೆ, ಚಮಚದಿಂದ ಕೆರೆದು ಹೆಂಡತಿಯಿಂದ ಬೈಸಿಕೊಂಡೂ ಇದ್ದೇನೆ. ಇಂಥವನು ಹಿಮದ ಮೇಲೆ ಮೈಲಿಗಟ್ಟಲೆ ಜಾರಿಕೊಂಡು ಹೋಗುವವರ ಕಾಲಿಗೆ ಕೊಂಡಿ ಮಾಡಿಕೊಡಲು ಒಪ್ಪಿಕೊಂಡದ್ದು ಹೇಗೆ ಎಂದು ಕೇಳಬಹುದು. ಒಪ್ಪಿಕೊಂಡದ್ದು ನಾನಲ್ಲ, ನಮ್ಮ ಮಾಲೀಕರು. ನನ್ನ ಪಾಲಿಗೆ ಬಂದದ್ದು ಎಂದಿನಂತೆ ಚಿಂತೆ.

ಮದರಾಸಿನ ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನಲ್ಲಿ ನಮ್ಮದು ಮಧ್ಯಮ ಗಾತ್ರದ ಕಾರ್ಖಾನೆ. ಸ್ಕೂಟರಿನ ಫುಟ್‌ರೆಸ್ಟು, ಸೀಟಿನ ಕೆಳಗಿನ ಬೀಗ, ಕಾರಿನ ಬಾಗಿಲ ಹಿಡಿ, ಇಂಥವನ್ನು ಮಾಡುತ್ತೇವೆ. ಮಾಡುತ್ತೇವೆ ಎಂದರೆ ಬೇರೆ ಯಾರೋ ಬರೆದು ಕಳಿಸಿದ ಡ್ರಾಯಿಂಗಿನ ಪ್ರಕಾರ. ಡಿಸೈನ್ ಎಂಜಿನಿಯರ್ ಎಂಬ ಹೆಸರಿನಲ್ಲಿ ಸೇರಿದ ನಾನು ತಲೆ ನರೆಯುವತನಕ ಇನ್ನೊಬ್ಬರ ಡಿಸೈನನ್ನೇ ಅಳೆದು ನೋಡುತ್ತ ಕೂತಿದ್ದೆ. ಹೋದ ವರ್ಷ ಉತ್ತರ ಯುರೋಪಿನ ಒಂದು ಸ್ಕೀ ಕಂಪನಿಯವರು, ನಮ್ಮ ಬೀಗಗಳನ್ನು ಎಲ್ಲೋ ನೋಡಿ ಮೆಚ್ಚಿಕೊಂಡು, "ನಮ್ಮ ಬೂಟನ್ನು ಸ್ಕೀ ಹಲಗೆಗೆ ಹಿಡಿದಿಡುವ ಹಗುರವಾದ ಒಂದು ಹೊಸ ಕೊಂಡಿ ನೀವೇ ಯೋಚಿಸಿ ಮಾಡಿಕೊಡುತ್ತೀರಾ, ನಮ್ಮ ಹಳೆಯದನ್ನು ನೋಡಿ ನಕಲು ಮಾಡಬೇಡಿ," ಎಂದು ಕೇಳಿದರು. ಮಾಲೀಕರು ಮಹಡಿಯ ಮೇಲೆ ಒಂದು ರೂಮು ಖಾಲಿ ಮಾಡಿಸಿ, ನಾಲ್ಕು ಕಂಪ್ಯೂಟರ್ ಇಡಿಸಿ, ನನ್ನನ್ನು ಕರೆದರು.

"ಇದು ಪಾಸಾದರೆ ಈ ರೂಮು ಉಳಿಯುತ್ತದೆ, ಮುಂದೆ ನಮ್ಮದೇ ಡಿಸೈನು. ಪಾಸಾಗದಿದ್ದರೆ ಇದನ್ನು ಪ್ಯಾಕಿಂಗ್ ಸ್ಟೋರು ಮಾಡಿಬಿಡ್ತೀನಿ, ನೀವೆಲ್ಲ ವಾಪಸ್ ಕೆಳಗೆ," ಅಂದರು. ಸಿಟ್ಟಿನಿಂದಲ್ಲ. ನಾಳೆ ಮಳೆ ಬಂದರೂ ಬರಬಹುದು ಎನ್ನುವ ದನಿಯಲ್ಲಿ.

ಐವತ್ತರ ಹತ್ತಿರ ಬಂದು, ಜೀವಮಾನದಲ್ಲಿ ಮೊದಲ ಸಲ ನನ್ನದು ಎನ್ನುವ ಒಂದು ವಸ್ತು ಮಾಡುವ ಅವಕಾಶ. ಆ ದಿನದಿಂದ ನಿದ್ದೆ ಹೋಯಿತು. ನಿದ್ದೆ ಹೋಗುವುದಕ್ಕೆ ನನಗೆ ಇಷ್ಟು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎನ್ನುವುದೇ ಸಾಕಾಗುತ್ತದೆ.

ಸ್ಕೀ ಎಂದರೆ ಟೀವಿಯಲ್ಲಿ ಬೆಟ್ಟದ ನೆತ್ತಿಯಿಂದ ಧುಮುಕುತ್ತಾರಲ್ಲ, ಅದಲ್ಲ ಇದು. ಬಯಲಿನಲ್ಲಿ, ಕಾಡಿನೊಳಗೆ, ಸಣ್ಣ ಏರಿಳಿತಗಳಲ್ಲಿ ನಡೆದ ಹಾಗೆಯೇ ಜಾರಿಕೊಂಡು ಹೋಗುವುದು. ಬೆಟ್ಟದವರ ಬೂಟನ್ನು ಹಿಂದೆ ಮುಂದೆ ಎರಡೂ ಕಡೆ ಬಿಗಿದಿರುತ್ತಾರೆ. ಇವರದನ್ನು ಬೆರಳಿನ ಕಡೆ ಮಾತ್ರ ಹಿಡಿದಿರಬೇಕು, ಹಿಮ್ಮಡಿ ಹೆಜ್ಜೆಹೆಜ್ಜೆಗೂ ಮೇಲೇಳಬೇಕು. ಬೂಟಿನ ಅಟ್ಟೆಯಲ್ಲಿ, ಬೆರಳುಗಳ ಕೆಳಗೆ, ಸ್ವೆಟರ್ ಹೆಣೆಯುವ ಕಡ್ಡಿಯಷ್ಟು ದಪ್ಪದ ಉಕ್ಕಿನ ಸರಳೊಂದು ಅಡ್ಡಡ್ಡ ಕೂತಿರುತ್ತದೆ. ಕೊಂಡಿಯ ದವಡೆ ಆ ಸರಳನ್ನು ಕಚ್ಚಿ ಹಿಡಿಯುತ್ತದೆ, ಕಾಲು ಅದರ ಮೇಲೆ ಬಾಗಿಲ ಕೀಲಿನ ಹಾಗೆ ತಿರುಗುತ್ತದೆ. ಮುಂದುಗಡೆ ಒಂದು ರಬ್ಬರ್ ತುಂಡು. ಹಿಮ್ಮಡಿ ಎದ್ದಾಗ ಅದು ಅಮುಕಿಕೊಳ್ಳುತ್ತದೆ, ಆಮೇಲೆ ಹಲಗೆಯನ್ನು ಕಾಲಿನ ಹತ್ತಿರಕ್ಕೆ ಮರಳಿ ತಳ್ಳುತ್ತದೆ. ಅದಿಲ್ಲದಿದ್ದರೆ ಎತ್ತಿದ ಕಾಲಿಗೆ ಹಲಗೆ ಜೋತುಬಿದ್ದಿರುತ್ತದೆ. ಹಿಮ್ಮಡಿಯ ಕೆಳಗೆ ಉದ್ದುದ್ದಕ್ಕೆ ಎರಡು ಏಣು, ಕಾಲು ಅತ್ತಿತ್ತ ಹೊರಳದಿರಲಿ ಎಂದು.

ಇದನ್ನೆಲ್ಲ ಒಂದು ಸಂಜೆ ಹೆಂಡತಿಗೆ ಚಟ್ನಿ ಬಟ್ಟಲು, ಚಮಚ, ಒಂದು ಅರ್ಧ ದೋಸೆ ಇಟ್ಟುಕೊಂಡು ವಿವರಿಸಿದೆ. ಅವಳು ಬ್ಯಾಂಕಿನಲ್ಲಿ ಅಧಿಕಾರಿ. ಅವರ ಮನೆಯವರು ಮದರಾಸಿಗೆ ಬಂದು ನಾಲ್ಕೈದು ತಲೆಮಾರಾಗಿದೆ, ಹಾಗಾಗಿ ಅವಳ ಕನ್ನಡದಲ್ಲಿ ಅರ್ಧ ತಮಿಳು. ನನ್ನದು ಕರಾವಳಿಯದು. ನಮ್ಮಿಬ್ಬರ ಜಗಳಗಳು ಯಾವಾಗಲೂ ಇಂಗ್ಲಿಷಿನಲ್ಲಿ ಮುಗಿಯುತ್ತವೆ.

"ಇಷ್ಟು ನೇರ ಹೇಳಿದ್ದು ಹವಾಯಿ ಚಪ್ಪಲಿ ತಾನೇ?" ಅಂದಳು. ನೇರ ಎಂದರೆ ಅವಳ ತಮಿಳಿನ ಲೆಕ್ಕದಲ್ಲಿ ಹೊತ್ತು. "ಮುಂದೆ ಹಿಡಿದಿರತ್ತೆ, ಹಿಂದೆ ಪಟಪಟ ಅಂತಿರತ್ತೆ. ಶರಿ, ದೋಸೆ ತಿನ್ನಿ, ಆರಿಹೋಯ್ತು."

ಬೇಜಾರಾಯಿತು, ಆದರೆ ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಷ್ಟೇ ಅಲ್ಲ, ನನ್ನ ಮಹಾ ಉಪಾಯ ಹುಟ್ಟಿದ್ದೂ ಆ ಮಾತಿನಿಂದಲೇ.

ಕಚ್ಚಿಕೊಳ್ಳುವುದು ಹೇಗೆ ಎನ್ನುವುದು ನನಗೆ ಕಷ್ಟವಾಗಲಿಲ್ಲ. ಸ್ಟೀಲ್ ಟಿಫಿನ್ ಕ್ಯಾರಿಯರಿನ ಪಕ್ಕದ ಕೊಕ್ಕೆ ನೋಡಿ. ಒಂದು ಹಂತದವರೆಗೆ ಎದುರು ನಿಲ್ಲುತ್ತದೆ, ಆ ಹಂತ ದಾಟಿತೋ ತಾನಾಗಿಯೇ ಬಿಗಿದುಕೊಳ್ಳುತ್ತದೆ. ಎಳೆದಷ್ಟೂ ಬಿಗಿ. ಅದನ್ನೇ ಸಣ್ಣದು ಮಾಡಿ, ನೈಲಾನಿನಲ್ಲಿ, ಒಳಗೊಂದು ಸ್ಪ್ರಿಂಗು ಕೂರಿಸಿದೆ. ಬೂಟಿನ ಮೂತಿ ಒತ್ತಿದರೆ ಟಿಕ್ ಎಂದು ಕಚ್ಚಿಕೊಳ್ಳುತ್ತದೆ. ಕಷ್ಟವಾದದ್ದು ಬಿಡಿಸುವುದು.

ನಮ್ಮ ಡಿಸೈನ್ ರೂಮಿಗೆ ಚಪ್ಪಲಿ ಹಾಕಿಕೊಂಡು ಬರುವಂತಿಲ್ಲ. ಕಂಪ್ಯೂಟರಿಗೆ ಧೂಳು ಆಗುವುದಿಲ್ಲ ಎಂದು ಕಾರಣ ಹೇಳುತ್ತೇವೆ. ನಿಜ ಏನೆಂದರೆ ಕೆಲಸ ಮಾಡುವ ಜಾಗಕ್ಕೆ ಚಪ್ಪಲಿಯಲ್ಲಿ ಬರಲು ಯಾರಿಗೂ ಮನಸ್ಸು ಬರುವುದಿಲ್ಲ. ಒಂದು ಬೆಳಿಗ್ಗೆ ನನ್ನ ಸಹೋದ್ಯೋಗಿಯೊಬ್ಬ, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಫೋನು ಹಿಡಿದು ಹೊಸ್ತಿಲಲ್ಲಿ ನಿಂತು, ಬಲಗಾಲಿನ ಬೆರಳಿನಿಂದ ಎಡಗಾಲಿನ ಶೂವಿನ ಹಿಮ್ಮಡಿ ಮೆಟ್ಟಿ ಕಳಚಿ, ಎಡಗಾಲಿನಿಂದ ಬಲದ್ದನ್ನು ಕಳಚಿ, ಮಾತು ನಿಲ್ಲಿಸದೆ ಒಳಗೆ ಬಂದ. ನಾವೆಲ್ಲ ದಿನಕ್ಕೆ ಹತ್ತು ಸಲ ಹೀಗೇ ಮಾಡುತ್ತೇವೆ. ಕೈ ಬೇಕಾಗಿಲ್ಲ, ಬಗ್ಗಬೇಕಾಗಿಲ್ಲ, ನೋಡಲೂ ಬೇಕಾಗಿಲ್ಲ.

ಹೆಂಡತಿಯ ಹವಾಯಿ ಚಪ್ಪಲಿ ನೆನಪಾಗಿ, ಇದೇ ಸರಿ ಅನಿಸಿತು. ಕೊಂಡಿಯ ಮುಂದೆ ಒಂದು ಅಗಲವಾದ ಪೆಡಲು, ಇನ್ನೊಂದು ಕಾಲಿನಿಂದ ಮೆಟ್ಟಿದರೆ ದವಡೆ ಬಾಯಿ ಬಿಡಬೇಕು. ಕಾಡಿನ ಬೇರೋ ಕಲ್ಲೋ ತಾಗಿ ಅದು ನಡುದಾರಿಯಲ್ಲಿ ಬಿಚ್ಚಿಕೊಂಡರೆ ಎಂಬ ಹೆದರಿಕೆಗೆ ಸ್ಪ್ರಿಂಗನ್ನು ಗಟ್ಟಿ ಮಾಡಿದೆ. ಮರುದಿನ ಮತ್ತೂ ಹೆದರಿಕೆಯಾಗಿ ಮತ್ತೂ ಗಟ್ಟಿ ಮಾಡಿದೆ. ಕೊನೆಗೆ ಅದು ಒಬ್ಬ ಮನುಷ್ಯ ಮೈಭಾರ ಹಾಕಿ ತುಳಿದರೆ ಮಾತ್ರ ಮಣಿಯುವ ಹಾಗಾಯಿತು. ನೈಲಾನಿನಲ್ಲಿ ಕೊರೆದು ಒಂದು ಮಾದರಿ ಮಾಡಿ, ಹಲಗೆಯ ತುಂಡಿಗೆ ಕೂರಿಸಿ, ರೂಮಿನ ಬಾಗಿಲಲ್ಲೇ ಇಟ್ಟೆವು. ಎಲ್ಲರೂ ಒಬ್ಬೊಬ್ಬರಾಗಿ ಬಂದು ಬಲಗಾಲಿಗೆ ಆ ಕಂಪನಿಯವರು ಕಳಿಸಿದ್ದ ಬೂಟು ತೊಟ್ಟು ಟಿಕ್ ಎನಿಸಿ, ಎಡಗಾಲಿನಿಂದ ಮೆಟ್ಟಿ ಬಿಡಿಸಿಕೊಂಡರು. ಮಾಲೀಕರೂ ಬಂದು ಮೆಟ್ಟಿದರು. ಭೇಷ್ ಎಂದರು. ಅವರು ಸಾಮಾನ್ಯವಾಗಿ ಹಾಗೆಲ್ಲ ಅನ್ನುವವರಲ್ಲ.

ನನಗೆ ಉಳಿದದ್ದು ಚಳಿಯ ಚಿಂತೆ. ಬೂಟು, ಕೊಂಡಿ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಮದರಾಸಿನ ಆ ತುದಿಯ ಅಡ್ಯಾರಿಗೆ, ಅಣ್ಣನ ಹೋಟೆಲಿಗೆ ಹೋದೆ. ಹೋಟೆಲು ಎಂದರೆ ನಮ್ಮ ಊರಿನವರ ಅರ್ಥದಲ್ಲಿ: ಇಡ್ಲಿ, ದೋಸೆ, ಕಾಫಿ, ಮಧ್ಯಾಹ್ನ ಊಟ, ಸಂಜೆ ಬಂದವರಿಗೆ ಐಸ್‌ಕ್ರೀಮು.

"ಚೀಲದಲ್ಲಿ ಎಂತ ಉಂಟು?" ಎಂದು ಅಣ್ಣ ಕೇಳಿದ.

"ಒಂದು ಬೂಟು. ನಿನ್ನ ಐಸ್‌ಕ್ರೀಮಿನ ಫ್ರೀಜರಿನಲ್ಲಿ ನಾಳೆಯವರೆಗೆ ಇಡಬೇಕಿತ್ತು."

ಅಣ್ಣ ಚೀಲದ ಬಾಯಿ ಬಿಡಿಸಿ ನೋಡಿದ. "ನಿಂಗೆ ತಲೆ ಸಮ ಉಂಟಾ ಮಾರಾಯಾ? ಬಟಾಣಿಯ ಪಕ್ಕ ಚಪ್ಪಲಿ ಇಡುವುದಾ?"

"ಹೊಸ ಬೂಟು ಅಣ್ಣ. ಯಾರೂ ಹಾಕಿಕೊಂಡು ರಸ್ತೆಗೆ ಇಳಿದಿಲ್ಲ."

"ಹೊಸತಾದ್ರೆ ಎಂತ? ಹುಟ್ಟಿದ್ದೇ ಚಪ್ಪಲಿಯಾಗಿ ಅಲ್ವಾ ಅದು?"

ನಿಜ ಹೇಳಬೇಕೆಂದರೆ ಅಣ್ಣ ಒಪ್ಪಿಬಿಟ್ಟಿದ್ದರೆ ನಾನೇ ಆ ಐಸ್‌ಕ್ರೀಮು ತಿನ್ನುತ್ತಿರಲಿಲ್ಲ. ಕಡೆಗೆ ಅವನೇ, ಹಿತ್ತಲಲ್ಲಿ ಗ್ಯಾಸ್ ಸಿಲಿಂಡರುಗಳ ಪಕ್ಕ ಬಿದ್ದಿದ್ದ, ಮುಚ್ಚಳದ ಹಿಡಿ ಮುರಿದ ಹಳೆಯ ಫ್ರೀಜರು ತೋರಿಸಿದ. "ಇದನ್ನು ತಗೊಂಡು ಹೋಗು. ವಾಪಸು ಮಾತ್ರ ತರ್ಬೇಡ," ಅಂದ. ಅದು ಟೆಂಪೋದಲ್ಲಿ ಅಂಬತ್ತೂರಿಗೆ ಬಂತು. ಅದರೊಳಗೆ ಕೊಂಡಿ ಹೆಪ್ಪುಗಟ್ಟಿತು, ಹೊರಗೆ ಬಂದು ಸಲೀಸಾಗಿ ಕಚ್ಚಿತು, ಸಲೀಸಾಗಿ ಬಿಟ್ಟಿತು. ಚಿಂತೆಗಳು ಒಂದೊಂದಾಗಿ ತೀರುತ್ತ ಬಂದವು. ನನಗೆ ಇದೇ ಒಂದು ಹೊಸ ಚಿಂತೆಯಾಯಿತು.

ಆ ಕಂಪನಿಯ ಎಂಜಿನಿಯರ್ ಬಂದು ನೋಡುವುದು ನಿಶ್ಚಯವಾಯಿತು. ಅವರು ಮೊದಲೇ ಒಂದು ಪೆಟ್ಟಿಗೆ ಕಳಿಸಿದ್ದರು. ಬೇಸಿಗೆಯಲ್ಲಿ ಹಿಮ ಇಲ್ಲದಾಗ ಅವರ ಕಡೆಯವರು ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡುವ ಚಕ್ರದ ಸ್ಕೀ ಅದರಲ್ಲಿತ್ತು. ಒಂದೂವರೆ ಮೊಳ ಉದ್ದದ ಅಲ್ಯೂಮಿನಿಯಂ ಪಟ್ಟಿ, ಮುಂದೊಂದು ಹಿಂದೊಂದು ಚಕ್ರ. ಕೈಗೆ ಎರಡು ಊರುಗೋಲು. ಮೊದಲ ಸಲ ಎರಡು ಕಾಲಿಗೂ ಒಂದೊಂದು ಕೊಂಡಿ ಮಾಡಿ ಈ ಸ್ಕೀಗಳ ಮೇಲೆ ಕೂರಿಸಿದೆವು. ಬೂಟು ನನ್ನ ಅಳತೆಯದೇ. ಅವರು ಬರುವ ವಾರದ ಭಾನುವಾರ, ಯಾವುದಕ್ಕೂ ಒಮ್ಮೆ ಹಾಕಿ ನೋಡಿಬಿಡೋಣ ಎಂದು ಅದನ್ನು ಮನೆಗೆ ತಂದಿದ್ದೆ. ಊರುಗೋಲು ತರಲಿಲ್ಲ. ನಮ್ಮ ಡಿಸೈನಿನಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲವಲ್ಲ.

ಪೋರೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೆಳಿಗ್ಗೆ ಯಾರೂ ಇರುವುದಿಲ್ಲ, ನಮ್ಮ ಅತ್ತೆಯೊಬ್ಬರನ್ನು ಬಿಟ್ಟು. ಬೀದಿ ನಾಯಿಗಳ ಕಾಟಕ್ಕೆ ಅವರ ವಾಕಿಂಗು ಕಾರುಗಳ ಸುತ್ತಲೇ. ಅವರು ಆ ಕಡೆಯ ಮೂಲೆಯಲ್ಲಿದ್ದಾಗ ನಾನು ಒಂದು ಕಂಬ ಹಿಡಿದು ನಿಂತು, ಬಲಗಾಲು ಒತ್ತಿದೆ, ಟಿಕ್. ಎಡಗಾಲು ಒತ್ತಿದೆ, ಟಿಕ್. ಅಷ್ಟು ಇಂಪಾದ ಸದ್ದು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಹಿಮ್ಮಡಿ ಎತ್ತಿದೆ, ಎದ್ದಿತು. ರಬ್ಬರು ಮರಳಿ ತಳ್ಳಿತು. ಎಲ್ಲ ಲೆಕ್ಕದ ಪ್ರಕಾರ. ಸಾಕು, ಇನ್ನು ಬಿಚ್ಚೋಣ ಎಂದು ಬಲಗಾಲಿನ ಪೆಡಲು ಮೆಟ್ಟಲು ಎಡಗಾಲು ಎತ್ತಿದೆ.

ಎಡಗಾಲಿನ ಜೊತೆ ಒಂದೂವರೆ ಮೊಳದ ಸ್ಕೀ ಕೂಡ ಎದ್ದು ಬಂತು.

ಅದನ್ನು ಮೆಲ್ಲಗೆ ಕೆಳಗಿಟ್ಟೆ. ಆಮೇಲೆ, ಎಡಗಾಲನ್ನು ಮೊದಲು ಬಿಚ್ಚಿದರಾಯಿತು ಎಂದುಕೊಂಡೆ. ಅದಕ್ಕೆ ಬಲಗಾಲು ಬೇಕು. ಬಲಗಾಲಿನಲ್ಲೂ ಸ್ಕೀ. ಎತ್ತಿದ ಸ್ಕೀಯ ಚಕ್ರದಿಂದಲೇ ಪೆಡಲನ್ನು ಒತ್ತಲು ಹೋದೆ. ನಿಂತ ಕಾಲು ಉರುಳಿಕೊಂಡು ಪಕ್ಕದ ಮನೆಯವರ ಕಾರಿನ ಅಡಿಗೆ ಹೊರಟಿತು, ಕಂಬ ತಬ್ಬಿಕೊಂಡು ಉಳಿದೆ. ಬಗ್ಗಿ ಹೆಬ್ಬೆರಳಿನಿಂದ ಒತ್ತಿದೆ. ಅದು ಮೈಭಾರ ಕೇಳುವ ಸ್ಪ್ರಿಂಗು, ಹೆಬ್ಬೆರಳಿಗೆ ಎಲ್ಲಿ ಮಣಿಯುತ್ತದೆ? ನಾನೇ ಹೆದರಿ ಹೆದರಿ ಗಟ್ಟಿ ಮಾಡಿದ್ದು. ಬೂಟಿನಿಂದಲೇ ಕಾಲು ಎಳೆದುಕೊಳ್ಳಬಹುದಿತ್ತು ಎನ್ನುವುದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ತಿಂಗಳುಗಟ್ಟಲೆ ನಾನು ಚಳಿಗೆ ಹೆದರಿದ್ದೆ, ಕಲ್ಲಿಗೆ, ಬೇರಿಗೆ, ತುಕ್ಕಿಗೆ ಹೆದರಿದ್ದೆ. ಮನುಷ್ಯನಿಗೆ ಎರಡು ಕಾಲಿರುತ್ತದೆ, ಎರಡಕ್ಕೂ ಸ್ಕೀ ಇರುತ್ತದೆ ಎನ್ನುವುದೊಂದಕ್ಕೆ ಹೆದರಿರಲಿಲ್ಲ.

ಅತ್ತೆ ಒಂದು ಸುತ್ತು ಮುಗಿಸಿ ಬಂದರು. "ಏನು ಮಾಪ್ಪಿಳ್ಳೆ, ಕಾಲಿಗೆ ಚಕ್ರ ಕಟ್ಕೊಂಡಿದೀರಿ?" ಅಳಿಯನನ್ನು ತಮಿಳರ ಹಾಗೆ ಮಾಪ್ಪಿಳ್ಳೆ ಎಂದು ಕರೆಯುವುದು ಅವರ ಮನೆಯ ರೂಢಿ.

"ಆಫೀಸಿನ ಕೆಲಸ ಅತ್ತೆ."

"ಭಾನುವಾರಾನೂ ಬಿಡಲ್ವಾ ಪಾಪ," ಎಂದು ಮುಂದೆ ಹೋದರು. ಮುಂದಿನ ಸುತ್ತಿಗೆ ಬಂದಾಗ ನಿಂತರು. "ಇನ್ನೂ ಇಲ್ಲೇ ನಿಂತಿದೀರಲ್ಲ?"

"ಯೋಚನೆ ಮಾಡ್ತಿದ್ದೀನಿ ಅತ್ತೆ."

"ಮಾಡಿ ಮಾಡಿ," ಎಂದರು. ನಾಲ್ಕು ಹೆಜ್ಜೆ ಹೋಗಿ ಫೋನು ತೆಗೆದು ಮಗಳಿಗೆ ಹೇಳುತ್ತಿದ್ದುದು ಬೇಸ್‌ಮೆಂಟಿನ ಗೋಡೆಗಳಿಗೆಲ್ಲ ಕೇಳಿಸಿತು: "ಕೊಂಚ ಕೆಳಗೆ ಬಾ. ನಿನ್ನ ಗಂಡ ಕಂಬ ತಬ್ಕೊಂಡು ನಿಂತಿದಾರೆ. ಕೇಳಿದ್ರೆ ಯೋಚನೆ ಅಂತಾರೆ."

ಹೆಂಡತಿ ಕೈಯಲ್ಲಿ ಕಾಫಿ ಲೋಟ ಹಿಡಿದೇ ಬಂದಳು. ಸಂಗತಿ ಹೇಳಿದೆ. ಅವಳು ನಗಲಿಲ್ಲ, ಲೋಟವನ್ನು ಯಾರದೋ ಸ್ಕೂಟರಿನ ಸೀಟಿನ ಮೇಲಿಟ್ಟು, "ಯಾವುದನ್ನು ಮೆಟ್ಟಬೇಕು?" ಎಂದು ಕೇಳಿದಳು. ತೋರಿಸಿದೆ. ಹವಾಯಿ ಚಪ್ಪಲಿಯ ಕಾಲನ್ನು ಪೆಡಲಿನ ಮೇಲಿಟ್ಟು ಭಾರ ಬಿಟ್ಟಳು. ದವಡೆ ಬಾಯಿ ಬಿಟ್ಟಿತು. ನನ್ನ ಬಲಗಾಲು ಹೊರಗೆ ಬಂತು. ಆ ಬಿಡುವಾದ ಕಾಲಿನಿಂದ ನಾನು ಎಡಗಾಲಿನ ಪೆಡಲು ಮೆಟ್ಟಿದೆ, ಅದೂ ಬೆಣ್ಣೆಯ ಹಾಗೆ ಬಿಟ್ಟಿತು.

"ಹಾಗಾದ್ರೆ ಇದನ್ನು ಹಾಕಿಕೊಂಡು ಕಾಡಿಗೆ ಹೋಗೋರು ಹೆಂಡತಿಯನ್ನೂ ಕರ್ಕೊಂಡು ಹೋಗ್ಬೇಕಾ?" ಎಂದು ಕೇಳಿದಳು. ಆಮೇಲೆ ನಕ್ಕಳು. ಸ್ಕೂಟರಿಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಅತ್ತೆ ನಗಲಿಲ್ಲ, ಅಳಿಯನ ಮುಂದೆ ನಗಬಾರದು ಎಂದು ಗೋಡೆಯ ಕಡೆ ತಿರುಗಿ ನಿಂತರು. ಭುಜ ಮಾತ್ರ ಅಲುಗುತ್ತಿತ್ತು.

ಸೋಮವಾರ ಮಾಲೀಕರಿಗೆ ಹೇಳಿದೆ. ಅವರು ಮಹಡಿ ಹತ್ತಿ ಬಂದು ಡಿಸೈನ್ ರೂಮಿನ ಬಾಗಿಲಲ್ಲಿ ನಿಂತು, ಅಲ್ಲಿ ಬಿದ್ದಿದ್ದ ನಮ್ಮೆಲ್ಲರ ಚಪ್ಪಲಿಗಳನ್ನು ನೋಡಿದರು. ಆಮೇಲೆ ತಮ್ಮವನ್ನೂ ನೋಡಿಕೊಂಡರು. "ನಮಗೆಲ್ಲ ಎರಡೆರಡು ಕಾಲಿದೆ ತಾನೇ?" ಎಂದರು. "ಒಬ್ಬರಿಗೂ ಹೊಳೀಲಿಲ್ಲವಾ?" ಅವರಿಗೂ ಹೊಳೆದಿರಲಿಲ್ಲ ಎಂದು ಯಾರೂ ಹೇಳಲಿಲ್ಲ. "ಅವರು ಗುರುವಾರ ಬರ್ತಾರೆ," ಎಂದು ಇಳಿದು ಹೋದರು. ರೂಮಿನ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡು ಹೋದರೇನೋ ಎಂದು ನನಗೆ ಅನಿಸಿತು.

ಪೆಟ್ಟಿಗೆಯಲ್ಲಿದ್ದ ಊರುಗೋಲು ಹೊರಗೆ ಬಂತು. ಅದರ ತುದಿ ಮೊನಚು, ಗಟ್ಟಿ ಲೋಹದ್ದು. ಹಿಮದಲ್ಲಿ ಹೋಗುವವನ ಕೈಯಲ್ಲಿ ಅದು ಇದ್ದೇ ಇರುತ್ತದೆ, ಅದರ ಮೇಲೆ ಮೈಭಾರವನ್ನೂ ಹಾಕಬಹುದು. ಪೆಡಲಿನ ಮೇಲೆ ಊರಿ ಒತ್ತಿದರೆ, ನುಣುಪಿಗೆ ಜಾರಿ ಪಕ್ಕಕ್ಕೆ ಹೋಯಿತು. ಪೆಡಲಿನ ನಡುವೆ ಗುಳಿಯಪ್ಪದ ಕಾವಲಿಯಲ್ಲಿ ಇರುತ್ತದಲ್ಲ, ಅಂಥದೊಂದು ಗುಳಿ ತೋಡಿಸಿದೆ. ಆಗ ತುದಿ ನಿಂತಿತು, ದವಡೆ ಬಿಟ್ಟಿತು. ಸಂಭ್ರಮಿಸುವ ಮೊದಲು ಗುಳಿಯಲ್ಲಿ ನೀರು ಹಾಕಿ ಅಣ್ಣನ ಫ್ರೀಜರಿಗೆ ಇಟ್ಟೆ. ಮರುದಿನ ಗುಳಿಯ ತುಂಬ ಗೋಲಿಯಂಥ ಮಂಜುಗಡ್ಡೆ, ಊರುಗೋಲು ಮತ್ತೆ ಜಾರಿತು. ಗುಳಿಯ ತಳದಲ್ಲಿ ನೀರಿಳಿಯಲು ಓರೆಯಾಗಿ ಒಂದು ತೂತು ಕೊರೆಸಿದೆವು. ಮತ್ತೆ ನೀರು, ಮತ್ತೆ ಫ್ರೀಜರು. ಈ ಸಲ ಗುಳಿ ಖಾಲಿ ಇತ್ತು. ಸಹೋದ್ಯೋಗಿಗಳು ಗುಳಿಯಷ್ಟನ್ನು ಉಳಿಸಿ ಪೆಡಲಿನ ಅಗಲವನ್ನು ಇನ್ನು ತೆಗೆದೇಬಿಡೋಣ, ಅವರು ನೋಡಿದರೆ ನಗುತ್ತಾರೆ, ಎಂದರು. ನ್ಯಾಯವಾಗಿ ತೆಗೆಯಬೇಕಿತ್ತು. ಸಮಯವಿಲ್ಲ ಎಂದು ಸುಳ್ಳು ಹೇಳಿ ಉಳಿಸಿಕೊಂಡೆ. ಅದು ಹೋದರೆ ಅಲ್ಲಿ ನನ್ನದು ಎನ್ನುವುದು ಏನೂ ಇರುತ್ತಿರಲಿಲ್ಲ.

ಗುರುವಾರ ಬಂದವರು ಎತ್ತರದ ಒಬ್ಬ ಹೆಂಗಸು, ನನಗಿಂತ ಸ್ವಲ್ಪ ಹಿರಿಯರು. ನಮ್ಮ ಬಿಸಿಲಿಗೆ ಮುಖವೆಲ್ಲ ಕೆಂಪು. ಡಿಸೈನ್ ರೂಮಿನ ಬಾಗಿಲಲ್ಲಿ ಚಪ್ಪಲಿ ರಾಶಿ ನೋಡಿ, ಕೇಳದೆಯೇ ನೆಲದಲ್ಲಿ ಕೂತು, ಎರಡೂ ಕೈಯಿಂದ ಲೇಸು ಬಿಚ್ಚಿ ಶೂ ತೆಗೆದಿಟ್ಟರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮಧ್ಯಾಹ್ನ ಅವರು ಸ್ಕೀ ತೊಟ್ಟು ಕಾರ್ಖಾನೆಯ ಒಳಗಿನ ಕಾಂಕ್ರೀಟು ರಸ್ತೆಗೆ ಇಳಿದರು. ನಾನು ಕಂಬ ಬಿಡದೆ ನಿಂತಿದ್ದ ಆ ಚಕ್ರಗಳ ಮೇಲೆ ಅವರು ಗೇಟಿನವರೆಗೆ ತೇಲಿಕೊಂಡು ಹೋಗಿ ತೇಲಿಕೊಂಡೇ ಬಂದರು. ಕೊಂಡಿ ಕಚ್ಚಿಕೊಂಡೇ ಇತ್ತು. ನಿಂತು, ಊರುಗೋಲನ್ನು ಗುಳಿಯಲ್ಲಿ ಊರಿ ಒತ್ತಿದರು. ಬಲಗಾಲು ಬಿಟ್ಟಿತು. ಎಡಗಾಲಿನ ಮೇಲೆ ಊರುಗೋಲು ಎತ್ತಿದವರು ಅಲ್ಲೇ ತಡೆದು, "ಇದು ಯಾಕೆ ಇಷ್ಟು ಅಗಲ?" ಎಂದು ಕೇಳಿದರು.

ಮಾಲೀಕರು ನನ್ನ ಕಡೆ ನೋಡಿದರು. ನನಗೆ ಇಂಗ್ಲಿಷೆಲ್ಲ ಮರೆತುಹೋಯಿತು. ಸುಮ್ಮನೆ ಒಂದು ಕಾಲಿನಿಂದ ಇನ್ನೊಂದರ ಶೂ ಮೆಟ್ಟಿ ಕಳಚಿ ತೋರಿಸಿದೆ. ಕಾದ ಕಾಂಕ್ರೀಟಿನ ಮೇಲೆ ಒಂಟಿ ಸಾಕ್ಸಿನಲ್ಲಿ ನಿಂತೆ. ಅವರು ನನ್ನ ಕಾಲು ನೋಡಿದರು, ಪೆಡಲು ನೋಡಿದರು. ಬಿಡುವಾದ ಬಲಗಾಲನ್ನು ಅದರ ಮೇಲಿಟ್ಟು ಮೆಟ್ಟಿದರು. ಬಿಟ್ಟಿತು. ಮತ್ತೆ ತೊಟ್ಟು ಮತ್ತೆ ಮೆಟ್ಟಿದರು. ಆಮೇಲೆ ಅವರಷ್ಟಕ್ಕೆ ಏನೋ ತಮ್ಮ ಭಾಷೆಯಲ್ಲಿ ಹೇಳಿಕೊಂಡು ನಕ್ಕರು.

"ಮನೆ ಬಾಗಿಲಿಗೆ ಬರುವ ಹೊತ್ತಿಗೆ ನನ್ನ ಕೈಯಲ್ಲಿ ಮೊಮ್ಮಗನ ಸ್ಕೀ, ಬ್ಯಾಗು, ಕಳಚಿದ ನನ್ನದೊಂದು ಸ್ಕೀ, ಎಲ್ಲ ಇರುತ್ತೆ. ಎರಡನೇ ಕಾಲಿಗೆ ಊರುಗೋಲು ಹಿಡಿಯೋದಕ್ಕೆ ಕೈಯೇ ಇರಲ್ಲ," ಎಂದರು. "ಮೊದಲನೇ ಕಾಲಿಗೆ ಗುಳಿ, ಎರಡನೇ ಕಾಲಿಗೆ ಇದು. ಎರಡೂ ಇರಲಿ. ಆದರೆ ಈ ಸ್ಪ್ರಿಂಗು ಯಾರಿಗೆ ಹೆದರಿ ಇಟ್ಟದ್ದು? ಅರ್ಧ ಮಾಡಿ."

ನನ್ನ ಉಪಾಯಕ್ಕೆ ಅರ್ಧ ಮಾರ್ಕು ಸಿಕ್ಕಿತು ಎಂದು ನಾನು ಹೇಳಿಕೊಳ್ಳುತ್ತೇನೆ. ಹೆಂಡತಿಯ ಪ್ರಕಾರ ಒಂದು ಕಾಲಿನಷ್ಟು. ಸ್ಪ್ರಿಂಗನ್ನು ಅರ್ಧ ಮಾಡಲು ಮಾತ್ರ ಬಹಳ ಕಷ್ಟಪಟ್ಟೆ. ಮೊದಲು ಕಾಲು ಭಾಗ ಇಳಿಸಿ ಕಳಿಸಿದೆ. ಇನ್ನೂ ಹೆದರಿಕೆಯಾ ಎಂದು ಅವರಿಂದ ಒಂದೇ ಸಾಲಿನ ಮೇಲ್ ಬಂತು. ಆಗ ಪೂರ್ತಿ ಅರ್ಧಕ್ಕೆ ಇಳಿಸಿದೆ.

ಅದು ಪಾಸಾಯಿತು ಎಂಬ ಸುದ್ದಿಯನ್ನು ಮಾಲೀಕರು ನಮಗೆ ಬಾಯಿಬಿಟ್ಟು ಹೇಳಲಿಲ್ಲ. ಮಹಡಿಯ ರೂಮಿನ ಎಸಿ ಬಹಳ ದಿನದಿಂದ ನೀರು ಸೋರುತ್ತಿತ್ತು, ಸ್ಟೋರಾಗುವ ರೂಮಿಗೆ ಎಸಿ ಯಾಕೆ ಎಂದು ಅವರು ರಿಪೇರಿ ಮಾಡಿಸಿರಲಿಲ್ಲ. ಒಂದು ಬೆಳಿಗ್ಗೆ ಏಣಿ ಹೊತ್ತುಕೊಂಡು ಮೆಕ್ಯಾನಿಕ್ ಬಂದ. ಬಿಚ್ಚಿ, ತೊಳೆದು, ಗ್ಯಾಸು ತುಂಬಿಸಿ, ರಿಮೋಟು ಹಿಡಿದು ಎಷ್ಟಕ್ಕೆ ಇಡಲಿ ಎಂದು ಕೇಳಿದ. ಕಂಪ್ಯೂಟರ್ ಪರದೆಗಳ ಮೇಲೆ ಮೈ ಕೊರೆಯುವ ಚಳಿಯ ಲೆಕ್ಕ ಮಾಡುತ್ತ ಕೂತಿದ್ದ ನಾವೆಲ್ಲ ತಲೆ ಎತ್ತಿ, ಒಂದೇ ದನಿಯಲ್ಲಿ, "ಇಪ್ಪತ್ತಾರು" ಎಂದೆವು.